ಜ್ವರ ಬಂದು ಎಷ್ಟನೇ ದಿನ?

ನಮ್ಮ ಲ್ಯಾಬಿಗೆ ರಕ್ತದ ಜೊತೆ ಒಂದು ಫಾರ್ಮ್ ಬರುತ್ತದೆ. ಹೆಸರು, ವಯಸ್ಸು, ವಾರ್ಡ್, ಯಾವ ಟೆಸ್ಟ್ ಎಲ್ಲ ತುಂಬಿರುತ್ತದೆ. ಕೆಳಗೆ ಒಂದು ಕಾಲಂ ಇದೆ, 'ಜ್ವರ ಶುರುವಾದ ದಿನಾಂಕ' ಅಂತ. ಅದು ಮಾತ್ರ ಹೆಚ್ಚಿನ ಸಲ ಖಾಲಿ. ಇಲ್ಲವೇ ಯಾರೋ ಒಂದು ಅಡ್ಡಗೆರೆ ಎಳೆದಿರುತ್ತಾರೆ. ಮೊದಲೆಲ್ಲ ನಾನೂ ಅದರ ಕಡೆ ನೋಡುತ್ತಿರಲಿಲ್ಲ. ಈಗ ಆ ಕಾಲಂ ಖಾಲಿ ಇದ್ದರೆ ಟ್ಯೂಬನ್ನು ಪಕ್ಕಕ್ಕಿಟ್ಟು ವಾರ್ಡಿಗೆ ಫೋನ್ ಮಾಡುತ್ತೇನೆ. ನನ್ನ ದನಿ ಕೇಳಿದರೆ ಸಾಕು, ಅಲ್ಲಿನ ಸಿಸ್ಟರ್ 'ಬಂತಪ್ಪಾ ದಿನಾಂಕದ ಫೋನು' ಎಂದು ಪಕ್ಕದವರಿಗೆ ಹೇಳುವುದು ನನಗೂ ಕೇಳಿಸುತ್ತದೆ. ಈ ಚಟ ಹತ್ತಿದ್ದು ಲ್ಯಾಬಿಗೆ ಒಂದು ಪುಟ್ಟ ಯಂತ್ರ ಬಂದ ಮೇಲೆ.

ನಾನು ಲ್ಯಾಬ್ ಟೆಕ್ನಿಷಿಯನ್. ಸೊಳ್ಳೆಯಿಂದ ಬರುವ ಜ್ವರಗಳಿಗೆ ವರ್ಷಗಟ್ಟಲೆ ನಮ್ಮ ಕೈಯಲ್ಲಿದ್ದದ್ದು ಎರಡೇ. ಕಾರ್ಡ್ ಟೆಸ್ಟ್, ಮತ್ತು ರಕ್ತದಲ್ಲಿರುವ ಪ್ರತಿಕಾಯ, ಪ್ರೋಟೀನ್‌ಗಳನ್ನು ಬಣ್ಣದಿಂದ ಅಳೆಯುವ ಎಲೈಸಾ. ಕಾರ್ಡಿನಲ್ಲಿ ಡೆಂಗ್ಯೂ ವೈರಸ್ಸಿನ ಎನ್‌ಎಸ್‌1 ಎಂಬ ಪ್ರೋಟೀನ್ ಇದೆಯಾ ನೋಡುತ್ತೇವೆ. ಜೊತೆಗೆ ನಮ್ಮ ದೇಹ ಅದರ ವಿರುದ್ಧ ತಯಾರಿಸುವ ಐಜಿಎಂ, ಐಜಿಜಿ ಪ್ರತಿಕಾಯಗಳು. ಗೆರೆ ಮೂಡಿದರೆ ಇದೆ, ಮೂಡದಿದ್ದರೆ ಇಲ್ಲ. ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನೇ ಹುಡುಕಬೇಕು ಅಂದರೆ ಆರ್‌ಟಿ-ಪಿಸಿಆರ್ ಬೇಕು. ಅದಕ್ಕೆ ಸ್ಯಾಂಪಲನ್ನು ಐಸ್ ಡಬ್ಬದಲ್ಲಿಟ್ಟು ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದೆವು. ರಿಪೋರ್ಟ್ ಬರುವಷ್ಟರಲ್ಲಿ ರೋಗಿ ಗುಣವಾಗಿ ಮನೆ ಸೇರಿರುತ್ತಿದ್ದರು. ಆ ರಿಪೋರ್ಟು ಫೈಲಿಗೆ ಹೋಗುತ್ತಿತ್ತು, ಚಿಕಿತ್ಸೆಗಲ್ಲ.

ಹಾಗಾಗಿ ಸ್ಥಳದಲ್ಲೇ ಮಾಡುವ, ಆರ್‌ಎನ್‌ಎ ಹುಡುಕುವ ಕ್ಷಿಪ್ರ ಮಾಲಿಕ್ಯುಲರ್ ಟೆಸ್ಟ್ ಬರುತ್ತದೆ ಎಂದಾಗ ಖುಷಿಯಾಯಿತು. ಡಬ್ಬ ಬಿಚ್ಚಿದಾಗ ನಿರಾಸೆಯೂ ಆಯಿತು. ಶೂ ಡಬ್ಬದಷ್ಟು ಗಾತ್ರ. ಟ್ಯೂಬ್ ಇಡಲು ಸಾಲಾಗಿ ತೂತುಗಳು, ಒಂದು ಮುಚ್ಚಳ, ಎರಡು ಗುಂಡಿ. 'ಇದು ಬರೀ ಬಿಸಿ ಮಾಡೋ ಪೆಟ್ಟಿಗೆ ಅಲ್ವಾ ಸರ್?' ಎಂದು ತರಬೇತಿ ಕೊಡಲು ಬಂದವರನ್ನು ಕೇಳಿದೆ.

'ಅಷ್ಟೇ. 65 ಡಿಗ್ರಿಯಲ್ಲಿ ಅರ್ಧ ಗಂಟೆ ಹಿಡಿದಿಡುತ್ತೆ. ಜಾಣತನ ಎಲ್ಲ ಟ್ಯೂಬಿನೊಳಗೆ' ಎಂದರು.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಡೆಂಗ್ಯೂ, ಝೀಕಾ, ಚಿಕೂನ್‌ಗುನ್ಯಾ ಮೂರೂ ಆರ್‌ಎನ್‌ಎ ವೈರಸ್‌ಗಳು. ಡೆಂಗ್ಯೂವಿನ ಇಡೀ ಆರ್‌ಎನ್‌ಎಯನ್ನು ಅಕ್ಷರಗಳಂತೆ ಬರೆದರೆ ಸುಮಾರು 10,700 ಅಕ್ಷರ. ಚಿಕೂನ್‌ಗುನ್ಯಾದ್ದು ಸ್ವಲ್ಪ ಜಾಸ್ತಿ, 11,800ರ ಆಸುಪಾಸು. ಅದರಲ್ಲಿ ಆ ವೈರಸ್ಸಿಗೆ ಮಾತ್ರ ಸೇರಿದ ಒಂದು ತುಣುಕನ್ನು ಆರಿಸಿಕೊಂಡು, ಅದನ್ನು ಡಿಎನ್‌ಎಗೆ ಬದಲಿಸಿ, ಪತ್ತೆಯಾಗುವಷ್ಟು ಪ್ರತಿ ಮಾಡಬೇಕು. ಆರ್‌ಟಿ-ಪಿಸಿಆರ್ ಮಾಡುವುದೂ ಇದನ್ನೇ. ಆದರೆ ವಿಜ್ಞಾನಿ ಕ್ಯಾರಿ ಮಲ್ಲಿಸ್ 1983ರಲ್ಲಿ ಯೋಚಿಸಿದ ಆ ವಿಧಾನದಲ್ಲಿ ಡಿಎನ್‌ಎಯ ಎರಡು ಎಳೆ ಬಿಡಿಸಲು ಪ್ರತಿ ಸುತ್ತಿಗೂ 95 ಡಿಗ್ರಿವರೆಗೆ ಕಾಯಿಸಬೇಕು, ಮತ್ತೆ 60ರ ಹತ್ತಿರಕ್ಕೆ ಇಳಿಸಬೇಕು. ಹೀಗೆ ನಲವತ್ತು ಸುತ್ತು. ಸೆಕೆಂಡುಗಳಲ್ಲಿ ಬಿಸಿ ಏರಿಸಿ ಇಳಿಸುವುದಕ್ಕೇ ಆ ಯಂತ್ರ ಅಷ್ಟು ದುಬಾರಿ, ಅಷ್ಟು ಭಾರ.

ನಮಗೆ ಬಂದದ್ದು ಲ್ಯಾಂಪ್ ಎಂಬ ವಿಧಾನ. 2000ದಲ್ಲಿ ಜಪಾನಿನ ಸಂಶೋಧಕರು ಇದನ್ನು ಪ್ರಕಟಿಸಿದರು. ಇದರಲ್ಲಿ ಬಳಸುವ ಕಿಣ್ವದ ಹೆಸರು ಬಿಎಸ್‌ಟಿ. ಬಿಸಿ ಜಾಗದಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಇದು ಹೊಸ ಎಳೆ ನೇಯುತ್ತಾ ಹೋದಂತೆ ಮುಂದಿರುವ ಹಳೆಯ ಎಳೆಯನ್ನು ತಾನೇ ಸಿಪ್ಪೆಯಂತೆ ಸುಲಿದು ಬಿಡುತ್ತದೆ. ಅದಕ್ಕೆ 95 ಡಿಗ್ರಿ ಬೇಡ. ಒಂದೇ ಬಿಸಿಯಲ್ಲಿ ಕೆಲಸ ನಡೆಯುತ್ತದೆ. ಪಿಸಿಆರ್‌ಗೆ ಎರಡು ಪ್ರೈಮರ್ (ಎಲ್ಲಿಂದ ಪ್ರತಿ ಶುರು ಮಾಡಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ತುಣುಕು) ಸಾಕು, ಇದಕ್ಕೆ ನಾಲ್ಕರಿಂದ ಆರು. ಅಷ್ಟೂ ಸರಿಯಾದ ಜಾಗದಲ್ಲಿ ಕೂತರೆ ಮಾತ್ರ ಪ್ರತಿಗಳು ಬೆಳೆಯುತ್ತವೆ. ಬೆಳೆಯುವಾಗ ದ್ರಾವಣ ಹುಳಿಯಾಗುತ್ತದೆ. ನಮ್ಮ ಕಿಟ್‌ನಲ್ಲಿ ಫೀನಾಲ್ ರೆಡ್ ಇತ್ತು. ಹುಳಿಯಾದರೆ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಕಣ್ಣಿಂದ ನೋಡಿ ಹೇಳಬಹುದು.

ಒಬ್ಬ ರೋಗಿಗೆ ನಾಲ್ಕು ಟ್ಯೂಬ್. ಡೆಂಗ್ಯೂವಿಗೆ ಒಂದು, ಚಿಕೂನ್‌ಗುನ್ಯಾಕ್ಕೆ ಒಂದು, ಝೀಕಾಕ್ಕೆ ಒಂದು. ನಾಲ್ಕನೆಯದು ಮನುಷ್ಯರ ದೇಹದಲ್ಲಿ ಇದ್ದೇ ಇರುವ ಒಂದು ಜೀನಿಗೆ. ಅದು ಹಳದಿ ಆಗಲೇಬೇಕು. ಆಗದಿದ್ದರೆ ನಾವೇ ಎಲ್ಲೋ ಎಡವಿದ್ದೇವೆ ಎಂದರ್ಥ, ರೋಗಿಗೆ ಕಾಯಿಲೆ ಇಲ್ಲ ಎಂದಲ್ಲ. ಇವುಗಳ ಜೊತೆ ವೈರಸ್ಸಿನ ತುಣುಕು ಇದ್ದೇ ಇರುವ ಪಾಸಿಟಿವ್ ಕಂಟ್ರೋಲ್, ಮತ್ತೆ ಬರೀ ಶುದ್ಧ ನೀರು ಹಾಕಿದ ನೆಗೆಟಿವ್ ಕಂಟ್ರೋಲ್. ಈ ನೀರಿನ ಟ್ಯೂಬಿನ ವಿಷಯ ಆಮೇಲೆ ಬರುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಅದೇ.

ಡಬ್ಬದ ಮೇಲೆ ದೊಡ್ಡದಾಗಿ '30 ನಿಮಿಷ' ಎಂದು ಅಚ್ಚಾಗಿತ್ತು. ಇದನ್ನು ಬರೆದವರು ಯಾವತ್ತೂ ಒಂದು ಸ್ಯಾಂಪಲನ್ನು ಮೊದಲಿನಿಂದ ಕೊನೆವರೆಗೆ ಮಾಡಿಲ್ಲ ಎಂದು ಈಗಲೂ ನನ್ನ ಗುಮಾನಿ. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಡಬೇಕು. ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲೆ ನಿಲ್ಲುವ ತಿಳಿ ಭಾಗವಾದ ಸೀರಮ್ ತೆಗೆಯಬೇಕು. ಅದರಿಂದ ಆರ್‌ಎನ್‌ಎ ಬೇರ್ಪಡಿಸಲು ಮುಕ್ಕಾಲು ಗಂಟೆ. ಟ್ಯೂಬ್ ತುಂಬಲು ಇಪ್ಪತ್ತು ನಿಮಿಷ. ಆಮೇಲೆ ಆ ಮೂವತ್ತು. ಎಲ್ಲ ಸುಸೂತ್ರವಾಗಿ ನಡೆದರೆ ಎರಡೂಕಾಲು ಗಂಟೆ. ಐಸ್ ಡಬ್ಬದಲ್ಲಿ ಕಳಿಸಿ ದಿನಗಟ್ಟಲೆ ಕಾಯುವುದಕ್ಕೆ ಹೋಲಿಸಿದರೆ ಇದು ಕ್ಷಿಪ್ರವೇ, ಇಲ್ಲ ಅನ್ನುವುದಿಲ್ಲ. ಆದರೆ ವಾರ್ಡಿನವರು ಡಬ್ಬ ಓದಿಕೊಂಡು ಅರ್ಧ ಗಂಟೆಗೇ ಫೋನ್ ಮಾಡುತ್ತಿದ್ದರು.

ಆರ್‌ಎನ್‌ಎ ಬೇರ್ಪಡಿಸುವುದು ನನಗೆ ಹೊಸ ಕೆಲಸ. ಮೊದಲು ಸೀರಮ್‌ಗೆ ಗ್ವಾನಿಡಿನ್ ಇರುವ ದ್ರಾವಣ ಹಾಕುತ್ತೇವೆ. ವೈರಸ್ಸಿನ ಹೊದಿಕೆ ಒಡೆದು ಆರ್‌ಎನ್‌ಎ ಹೊರಗೆ ಬರುತ್ತದೆ. ಆರ್‌ಎನ್‌ಎಯನ್ನು ತಿಂದು ಹಾಕುವ ಆರ್‌ಎನ್‌ಏಸ್ ಕಿಣ್ವಗಳೂ ಅದರಲ್ಲೇ ಕೆಡುತ್ತವೆ. ಆ ಕಿಣ್ವಗಳು ಎಲ್ಲ ಕಡೆ ಇವೆ. ನನ್ನ ಬೆರಳಲ್ಲಿ, ಬೆವರಲ್ಲಿ, ಮೇಜಿನ ಧೂಳಿನಲ್ಲಿ. ಗ್ಲೌಸ್ ಹಾಕುವುದು ರೋಗಿಯ ರಕ್ತದಿಂದ ನಮ್ಮನ್ನು ಕಾಪಾಡಿಕೊಳ್ಳಲು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಇಲ್ಲಿ ನನ್ನ ಕೈಯಿಂದ ಸ್ಯಾಂಪಲನ್ನು ಕಾಪಾಡಲೂ ಗ್ಲೌಸ್ ಬೇಕು.

ಆಮೇಲೆ ಸಿಲಿಕಾ ಪೊರೆ ಇರುವ ಪುಟ್ಟ ಕೊಳವೆ, ಅದಕ್ಕೂ ಕಾಲಂ ಎಂದೇ ಹೆಸರು. ಆರ್‌ಎನ್‌ಎ ಅದಕ್ಕೆ ಅಂಟಿಕೊಳ್ಳುತ್ತದೆ. ಎರಡು ಸಲ ತೊಳೆದು, ಕೊನೆಗೆ ಸ್ವಲ್ಪ ನೀರಿನಲ್ಲಿ ಬಿಡಿಸಿ ಇಳಿಸಿಕೊಳ್ಳಬೇಕು. ತೊಳೆಯುವ ದ್ರಾವಣದಲ್ಲಿ ಆಲ್ಕೊಹಾಲ್ ಇರುತ್ತದೆ. ಅದು ಪೂರ್ತಿ ಹಾರಿ ಹೋಗುವಂತೆ ಕಾಲಂ ಅನ್ನು ಒಣಗಿಸಲು ಇನ್ನೊಮ್ಮೆ ಸುಮ್ನೆ ತಿರುಗಿಸಬೇಕು. ಮೊದಲ ವಾರ ಇದನ್ನು ಅವಸರದಲ್ಲಿ ಬಿಟ್ಟೆ. ಪಾಸಿಟಿವ್ ಕಂಟ್ರೋಲ್ ಚೆನ್ನಾಗಿ ಹಳದಿ ಆಗಿತ್ತು, ರೋಗಿಯ ನಾಲ್ಕೂ ಟ್ಯೂಬ್ ಗುಲಾಬಿ. ಮನುಷ್ಯರ ಜೀನಿನದೂ ಗುಲಾಬಿ. ಉಳಿದುಕೊಂಡ ಆಲ್ಕೊಹಾಲ್ ಕಿಣ್ವದ ಕೈ ಕಟ್ಟಿತ್ತು. ಇನ್ನೊಂದು ದಿನ ಸೀರಮ್ ಬದಲು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಇರುವ ಟ್ಯೂಬಿನ ಪ್ಲಾಸ್ಮಾ ಬಂದಿತ್ತು. ಹೆಪಾರಿನ್ ಕೂಡ ಇಂಥ ಟೆಸ್ಟ್‌ಗೆ ಆಗದು. ಅದನ್ನು ವಾಪಸ್ ಕಳಿಸಿದಾಗ ವಾರ್ಡಿನಲ್ಲಿ ಯಾರೋ 'ರಕ್ತ ರಕ್ತವೇ ತಾನೇ' ಎಂದರಂತೆ.

ಇನ್ನೊಂದು ಸಂಗತಿಯನ್ನು ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇವೆ. ಗ್ವಾನಿಡಿನ್ ಇರುವ ಕಸಕ್ಕೆ ಬ್ಲೀಚ್ ಸುರಿಯಬಾರದು. ವಿಷಾನಿಲ ಬರುತ್ತದೆ. ರಕ್ತದ ಕಸಕ್ಕೆಲ್ಲ ಬ್ಲೀಚ್ ಸುರಿದು ಅಭ್ಯಾಸವಾದ ಕೈಗೆ ಇದನ್ನು ಮರೆಯದಂತೆ ಮಾಡುವುದು ಸುಲಭವಲ್ಲ.

ಬಣ್ಣ ಓದುವುದೂ ಅಂದುಕೊಂಡಷ್ಟು ಸಲೀಸಲ್ಲ. ಗುಲಾಬಿ, ಹಳದಿ ನಡುವೆ ಒಂದು ಕಿತ್ತಳೆ ಇದೆ. ನಾನು 'ಹಳದಿ' ಎನ್ನುತ್ತೇನೆ, ಜೂನಿಯರ್ ಹುಡುಗಿ 'ಇಲ್ಲ ಅಕ್ಕ, ಇನ್ನೂ ಗುಲಾಬಿ ಇದೆ' ಎನ್ನುತ್ತಾಳೆ. ಬಿಸಿಯಲ್ಲಿ ನೋಡಬಾರದು, ಟ್ಯೂಬ್ ತಣ್ಣಗಾದ ಮೇಲೆ ಬಿಳಿ ಕಾಗದದ ಮೇಲಿಟ್ಟು ನೋಡಬೇಕು. ಕಿತ್ತಳೆ ಬಂದರೆ ಮತ್ತೆ ಮಾಡುವುದು, ಚರ್ಚೆ ಇಲ್ಲ. ಇನ್ನು ಕೆಲವು ಸಲ ಹಾಕಿದ ಕ್ಷಣವೇ ಹಳದಿ. ಕಾಯಿಸುವ ಮೊದಲೇ. ಅದು ವೈರಸ್ ಅಲ್ಲ, ಸ್ಯಾಂಪಲ್ಲೇ ಹುಳಿ. ಅದಕ್ಕೆ ಪೆಟ್ಟಿಗೆಯೊಳಗೆ ಇಡುವ ಮುಂಚೆ ಒಂದು ಫೋಟೋ ತೆಗೆದಿಡುತ್ತೇವೆ. ಹೊತ್ತು ಮೀರಿ ಬಿಟ್ಟರೂ ಕಷ್ಟ. ಒಂದು ಸಂಜೆ ಇನ್ಯಾವುದೋ ತುರ್ತು ಕೆಲಸಕ್ಕೆ ಹೋಗಿ ಒಂದೂವರೆ ಗಂಟೆ ಬಿಟ್ಟು ಬಂದೆ. ನೀರಿನ ಟ್ಯೂಬೂ ತಿಳಿ ಹಳದಿಗೆ ತಿರುಗಿತ್ತು. ಆರು ಪ್ರೈಮರ್‌ಗಳು ಕೆಲಸವಿಲ್ಲದೆ ಅಷ್ಟು ಹೊತ್ತು ಕೂತರೆ ತಮ್ಮ ತಮ್ಮಲ್ಲೇ ಅಂಟಿಕೊಂಡು ಪ್ರತಿ ಮಾಡಲು ಶುರು ಮಾಡುತ್ತವೆ. ಅಂದಿನಿಂದ ಅಲಾರಂ ಇಟ್ಟುಕೊಂಡೆ.

ಈಗ ಆ ನೀರಿನ ಟ್ಯೂಬಿನ ಕತೆ.

ಲ್ಯಾಂಪ್ ಪ್ರತಿಗಳನ್ನು ಜೆಲ್‌ನಲ್ಲಿ, ಅಂದರೆ ಡಿಎನ್‌ಎ ತುಣುಕುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಲೋಳೆಯಂಥ ಹಾಳೆಯಲ್ಲಿ, ವಿದ್ಯುತ್ತಿನಿಂದ ಓಡಿಸಿದರೆ ಏಣಿಯ ಮೆಟ್ಟಿಲಿನಂತೆ ಗೆರೆಗಳು ಕಾಣುತ್ತವೆ ಎಂದು ತರಬೇತಿಯಲ್ಲಿ ಚಿತ್ರ ತೋರಿಸಿದ್ದರು. ಪಿಸಿಆರ್‌ನಲ್ಲಿ ಒಂದೇ ಗೆರೆ, ಇದರಲ್ಲಿ ಏಣಿ. ನನಗೆ ಕಣ್ಣಾರೆ ನೋಡುವ ಆಸೆ. ಪಕ್ಕದ ವಿಭಾಗದಲ್ಲಿ ಜೆಲ್ ಟ್ಯಾಂಕ್ ಇತ್ತು. ಒಂದು ಮಧ್ಯಾಹ್ನ, ಕೆಲಸ ಮುಗಿದ ಮೇಲೆ, ಹಳದಿಯಾದ ಡೆಂಗ್ಯೂ ಟ್ಯೂಬೊಂದರ ಮುಚ್ಚಳ ತೆಗೆದೆ. 'ಒಮ್ಮೆ ಕಾಯಿಸಿದ ಟ್ಯೂಬನ್ನು ಯಾವ ಕಾರಣಕ್ಕೂ ತೆರೆಯಬೇಡಿ' ಎಂದು ಕಿಟ್ ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು. ಓದಿದ್ದೆ. ಟಕ್ ಎಂದು ಮುಚ್ಚಳ ತೆರೆದ ಸದ್ದು ಈಗಲೂ ಕಿವಿಯಲ್ಲಿದೆ. ಏಣಿ ಚೆನ್ನಾಗಿ ಬಂತು. ಫೋಟೋ ತೆಗೆದು ನಾಲ್ಕು ಜನರಿಗೆ ತೋರಿಸಿದೆ.

ಆ ಟ್ಯೂಬಿನಲ್ಲಿ ಪ್ರತಿಗಳು ಕೋಟಿಗಟ್ಟಲೆ ಇರುತ್ತವೆ. ಮುಚ್ಚಳ ತೆಗೆದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏಳುತ್ತವೆ. ಪಿಪೆಟ್ಟಿನ ಮೂತಿಗೆ, ಗ್ಲೌಸಿಗೆ, ಫ್ರಿಜ್ಜಿನ ಹಿಡಿಗೆ, ಬಾಗಿಲ ಚಿಲಕಕ್ಕೆ ಅಂಟುತ್ತವೆ. ಮುಂದಿನ ಟ್ಯೂಬಿಗೆ ಅದರಲ್ಲಿ ಕೆಲವೇ ಕೆಲವು ಬಿದ್ದರೂ ಸಾಕು, ಅರ್ಧ ಗಂಟೆಯಲ್ಲಿ ಮತ್ತೆ ಕೋಟಿ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಡೆಂಗ್ಯೂ ಸಾಲಿನ ನೀರಿನ ಟ್ಯೂಬ್ ಹಳದಿ. ಇನ್ನೊಮ್ಮೆ ಮಾಡಿದೆ. ಹಳದಿ. ಹೊಸ ನೀರು ತೆಗೆದುಕೊಂಡೆ. ಮತ್ತೆ ಹಳದಿ. ಮೇಡಂ ಬಳಿ ಹೋಗಿ ನಿಂತೆ. ಅವರು ನಮ್ಮ ಮೈಕ್ರೋಬಯಾಲಜಿ ಮುಖ್ಯಸ್ಥೆ. ಬೈಯುವವರಲ್ಲ, ಅದೇ ಕಷ್ಟ. 'ಟ್ಯೂಬ್ ತೆರೆದಿದ್ರಾ?' ಎಂದು ಮಾತ್ರ ಕೇಳಿದರು. ಏಣಿಯ ಫೋಟೋ ಅವರಿಗೂ ತೋರಿಸಿದ್ದೆನಲ್ಲ.

ಟೆಸ್ಟ್ ನಿಲ್ಲಿಸಿದೆವು. ಆಮೇಲೆ ಹಿಂದಿನ ಎರಡು ದಿನಗಳ ರಿಪೋರ್ಟ್ ಹುಡುಕಿ ತೆಗೆದೆವು. ಆಗ ನೀರಿನ ಟ್ಯೂಬ್ ಗುಲಾಬಿಯೇ ಇತ್ತು ನಿಜ, ಆದರೆ ಅದೊಂದು ಟ್ಯೂಬಿಗೆ ಬೀಳದೇ ಪಕ್ಕದ್ದಕ್ಕೆ ಬಿದ್ದಿರಬಹುದಲ್ಲ. ಡೆಂಗ್ಯೂ ಪಾಸಿಟಿವ್ ಎಂದು ಕೊಟ್ಟಿದ್ದ ಮೂವರ ಉಳಿದ ಸೀರಮ್ ಅನ್ನು ದೊಡ್ಡ ಲ್ಯಾಬಿಗೆ ಕಳಿಸಿದೆವು. ಎರಡು ನಿಜವಾದ ಪಾಸಿಟಿವ್. ಒಂದು ನೆಗೆಟಿವ್. ಆ ಒಬ್ಬರಿಗೆ ಇದ್ದದ್ದು ಬ್ಯಾಕ್ಟೀರಿಯಾ ಸೋಂಕು. 'ಡೆಂಗ್ಯೂ ಅಂತ ಬಂದಿದೆಯಲ್ಲ' ಎಂದು ಒಂದು ದಿನ ಎಲ್ಲರೂ ಸುಮ್ಮನಿದ್ದರು. ಆ್ಯಂಟಿಬಯಾಟಿಕ್ ಒಂದು ದಿನ ತಡವಾಯಿತು. ಅವರು ಗುಣವಾಗಿ ಹೋದರು. ಹೋಗುವಾಗ ಲ್ಯಾಬಿನ ಬಾಗಿಲಿಗೆ ಬಂದು 'ಬೇಗ ರಿಪೋರ್ಟ್ ಕೊಟ್ರಿ ಮೇಡಂ, ಥ್ಯಾಂಕ್ಸ್' ಎಂದರು. ಅವರಿಗೆ ವಾರ್ಡಿನ ಡಾಕ್ಟ್ರು ಎಲ್ಲ ಹೇಳಿದ್ದರಂತೆ. ಅವರು ಅದನ್ನು ಮರೆತಿದ್ದರೋ, ನನ್ನ ಮುಖ ನೋಡಿ ಬಿಟ್ಟರೋ ಗೊತ್ತಾಗಲಿಲ್ಲ.

ಹತ್ತು ದಿನ ತೊಳೆದೆವು. ಹತ್ತಕ್ಕೆ ಒಂದರಂತೆ ಬೆರೆಸಿದ ಬ್ಲೀಚಿನಿಂದ ಮೇಜು, ಪಿಪೆಟ್, ಸೆಂಟ್ರಿಫ್ಯೂಜ್, ಸ್ವಿಚ್ಚು. ತೆರೆದಿದ್ದ ಎಲ್ಲ ದ್ರಾವಣ ಎಸೆದೆವು. ಮೂರು ಜಾಗ ಬೇರೆ ಮಾಡಿದೆವು. ಕಿಟ್ ದ್ರಾವಣ ಬೆರೆಸುವುದು ಒಂದು ಕೋಣೆ, ಸ್ಯಾಂಪಲ್ ಸೇರಿಸುವುದು ಇನ್ನೊಂದು, ಕಾಯಿಸುವ ಪೆಟ್ಟಿಗೆ ಕಾರಿಡಾರಿನ ಆ ತುದಿಗೆ. ಒಂದೊಂದಕ್ಕೂ ಬೇರೆ ಪಿಪೆಟ್, ಬೇರೆ ಕೋಟು. ಬೆಳಗ್ಗೆ ಮೊದಲ ಕೋಣೆಯಿಂದ ಮೂರನೆಯದಕ್ಕೆ ಹೋದವರು ಅವತ್ತು ಮತ್ತೆ ಮೊದಲನೆಯದಕ್ಕೆ ಕಾಲಿಡುವಂತಿಲ್ಲ. ಕಾಯಿಸಿದ ಟ್ಯೂಬುಗಳು ಮುಚ್ಚಿದ ಹಾಗೆಯೇ ಎರಡು ಚೀಲದೊಳಗೆ ಸೇರಿ ಹೊರಗೆ ಹೋಗುತ್ತವೆ. ನೀರಿನ ಟ್ಯೂಬ್ ಸತತ ಐದು ದಿನ ಗುಲಾಬಿ ಉಳಿದ ಮೇಲೆ ಮೇಡಂ ಮತ್ತೆ ಶುರು ಮಾಡಿ ಎಂದರು. ಆ ಏಣಿಯ ಫೋಟೋ ಪ್ರಿಂಟ್ ಹಾಕಿಸಿ ಮೊದಲ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಹೊಸಬರು ಅದೇನೆಂದು ಕೇಳುತ್ತಾರೆ.

ಮತ್ತೆ ಶುರುವಾದ ಮೇಲೆಯೇ ಫಾರ್ಮಿನ ಆ ಖಾಲಿ ಕಾಲಂ ಕಾಡತೊಡಗಿದ್ದು.

ಒಂದೇ ಬೆಳಗ್ಗೆ ಎರಡು ಸ್ಯಾಂಪಲ್. ಒಂದು ಹುಡುಗನದು. ಕಾರ್ಡ್ ಟೆಸ್ಟ್ ಪೂರ್ತಿ ನೆಗೆಟಿವ್, ಎನ್‌ಎಸ್‌1 ಕೂಡ ಇಲ್ಲ. ಲ್ಯಾಂಪ್‌ನಲ್ಲಿ ಡೆಂಗ್ಯೂ ಹಳದಿ. ಇನ್ನೊಂದು ವಯಸ್ಸಾದವರದು. ಲ್ಯಾಂಪ್ ನೆಗೆಟಿವ್. ಆದರೆ ಮೈತುಂಬ ಕೆಂಪು ಗುಳ್ಳೆ, ಪ್ಲೇಟ್‌ಲೆಟ್ ಇಳಿದಿದೆ. ಅವರ ಮಗಳು ಕಿಟಕಿ ಬಳಿ ಬಂದು, 'ಡಾಕ್ಟ್ರು ಡೆಂಗ್ಯೂ ಅಂತಾರೆ, ನಿಮ್ಮ ಹೊಸ ಮಿಷನ್ನು ಅಲ್ಲ ಅನ್ನುತ್ತೆ. ಯಾರನ್ನ ನಂಬೋದು?' ಎಂದರು. ಎರಡೂ ಫಾರ್ಮ್‌ಗಳಲ್ಲಿ ದಿನಾಂಕ ಇರಲಿಲ್ಲ. ನಾನೇ ಕೇಳಿದೆ. ಹುಡುಗನಿಗೆ ಜ್ವರ ಬಂದು ಎರಡನೇ ದಿನ. ಆಕೆಯ ತಂದೆಗೆ ಎಂಟನೇ ದಿನ.

ಅಲ್ಲಿಗೆ ಎಲ್ಲ ತಿಳಿಯಾಯಿತು. ಡೆಂಗ್ಯೂ ವೈರಸ್ಸಿನ ಆರ್‌ಎನ್‌ಎ ರಕ್ತದಲ್ಲಿ ಸಿಗುವುದು ಜ್ವರದ ಮೊದಲ ಐದು ದಿನ ಚೆನ್ನಾಗಿ, ಏಳರವರೆಗೆ ಒಂದಷ್ಟು ಜನರಲ್ಲಿ. ಆಮೇಲೆ ದೇಹ ಅದನ್ನು ಗುಡಿಸಿ ಹಾಕಿರುತ್ತದೆ. ಐಜಿಎಂ ಶುರುವಾಗುವುದೇ ನಾಲ್ಕೈದನೆಯ ದಿನದಿಂದ. ಎನ್‌ಎಸ್‌1 ಮೊದಲ ದಿನದಿಂದ ಸಿಗಬಹುದು, ಆದರೆ ಹಿಂದೊಮ್ಮೆ ಡೆಂಗ್ಯೂ ಬಂದವರಲ್ಲಿ ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡು ಕಾರ್ಡಿಗೆ ಕಾಣದಂತೆ ಮಾಡುತ್ತವೆ. ಆ ಹುಡುಗನಿಗೆ ಮೂರು ವರ್ಷದ ಹಿಂದೆ ಒಮ್ಮೆ ಬಂದಿತ್ತು ಎಂದು ತಾಯಿ ಆಮೇಲೆ ಹೇಳಿದರು. ಡೆಂಗ್ಯೂವಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದರೆ ಉಳಿದ ಮೂರಕ್ಕೆ ಬಾಗಿಲು ತೆರೆದೇ ಇರುತ್ತದೆ. ಎರಡನೆಯ ಸಲವೇ ಜಾಸ್ತಿ ಜೋರಾಗುವ ಅಪಾಯ. ಹಾಗಾಗಿ ಹುಡುಗನನ್ನು ಮನೆಗೆ ಕಳಿಸುವ ಬದಲು ಉಳಿಸಿಕೊಂಡರು.

ಆಕೆಯ ತಂದೆಯ ಸೀರಮ್‌ಗೆ ಐಜಿಎಂ ಎಲೈಸಾ ಮಾಡಿದೆ. ಪಾಸಿಟಿವ್. 'ಮಿಷನ್ ಸುಳ್ಳು ಹೇಳಿಲ್ಲಮ್ಮ. ಅದನ್ನು ತಡವಾಗಿ ಕೇಳಿದ್ದೇವೆ' ಎಂದೆ. ಆಕೆಗೆ ಸಮಾಧಾನವಾಯಿತೋ ಇಲ್ಲವೋ. ನನಗೆ ಆಗಲಿಲ್ಲ. ಎಂಟನೇ ದಿನದ ಸ್ಯಾಂಪಲ್ ಎಂದು ಮೊದಲೇ ಗೊತ್ತಿದ್ದರೆ ಎರಡೂಕಾಲು ಗಂಟೆ ಮತ್ತು ನಾಲ್ಕು ಟ್ಯೂಬ್ ಅದಕ್ಕೆ ಕೊಡುತ್ತಲೇ ಇರಲಿಲ್ಲ. ನೇರ ಐಜಿಎಂಗೆ ಹೋಗುತ್ತಿದ್ದೆ. ಅವತ್ತಿನಿಂದ ವಾರ್ಡಿಗೆ ಫೋನ್ ಶುರು.

ಚಿಕೂನ್‌ಗುನ್ಯಾ ಇವೆಲ್ಲಕ್ಕಿಂತ ಸಲೀಸು. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಇರುತ್ತದೆ. ಟ್ಯೂಬ್ ಎಷ್ಟು ಬೇಗ ತಿರುಗುತ್ತದೆ ಅಂದರೆ ಹದಿನೈದನೇ ನಿಮಿಷಕ್ಕೆ ಪೆಟ್ಟಿಗೆಯ ಮುಚ್ಚಳದ ಸಂದಿಯಿಂದ ಇಣುಕಿದರೂ ಹಳದಿ. ಹೆಸರಿನಂತೆಯೇ ಜನ ಬಗ್ಗಿಕೊಂಡು ಬರುತ್ತಾರೆ. 1952ರಲ್ಲಿ ಈಗಿನ ಟಾಂಜಾನಿಯಾದ ಮಕೊಂಡೆ ಜನರಲ್ಲಿ ಮೊದಲು ಗುರುತಿಸಿದಾಗ ಅವರ ಭಾಷೆಯ ಮಾತೇ ಕಾಯಿಲೆಯ ಹೆಸರಾಯಿತು. ಬಗ್ಗಿಸಿ ಮಡಿಸಿಬಿಡುವಂಥದ್ದು ಎಂಬ ಅರ್ಥ ಅದಕ್ಕೆ.

ಝೀಕಾ ಮಾತ್ರ ಕೈ ನಡುಗಿಸುತ್ತದೆ. 1947ರಲ್ಲಿ ಉಗಾಂಡದ ಝೀಕಾ ಕಾಡಿನಲ್ಲಿ ಒಂದು ಕೋತಿಯಲ್ಲಿ ಸಿಕ್ಕಿದ ಈ ವೈರಸ್ಸನ್ನು ಬಹಳ ಕಾಲ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. 2015ರಲ್ಲಿ ಬ್ರೆಜಿಲ್‌ನಲ್ಲಿ ತಲೆ ಚಿಕ್ಕದಾದ ಶಿಶುಗಳು ಹುಟ್ಟತೊಡಗಿದವು. 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಸ್ಥಿತಿ ಘೋಷಿಸಿತು. ಆಗ ಲ್ಯಾಬಿನವರನ್ನು ಸತಾಯಿಸಿದ್ದು ಪ್ರತಿಕಾಯಗಳ ಗೊಂದಲ. ಝೀಕಾ, ಡೆಂಗ್ಯೂ ಎರಡೂ ಒಂದೇ ಕುಟುಂಬದವು, ಫ್ಲಾವಿವೈರಸ್. ಒಂದರ ಐಜಿಎಂ ಇನ್ನೊಂದರ ಟೆಸ್ಟ್‌ನಲ್ಲೂ ಗೆರೆ ಮೂಡಿಸುತ್ತದೆ. ಹಾಗಾಗಿ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕಬೇಕಾಯಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮೂರೂ ವೈರಸ್ಸಿಗೆ ಒಂದೇ ಸಲ ಮಾಡುವ ಟ್ರಯೋಪ್ಲೆಕ್ಸ್ ಎಂಬ ಪಿಸಿಆರ್ ತಯಾರಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಅದಕ್ಕೆ ತುರ್ತು ಬಳಕೆಯ ಅನುಮತಿ ಸಿಕ್ಕಿತು.

ನಮ್ಮಲ್ಲಿಗೆ ಬಂದ ಆ ಹೆಂಗಸು ನಾಲ್ಕು ತಿಂಗಳ ಗರ್ಭಿಣಿ. ಮೈಮೇಲೆ ಕೆಂಪು ಗುಳ್ಳೆ, ಕಣ್ಣು ಕೆಂಪು, ಜ್ವರ ಅಷ್ಟೇನಿಲ್ಲ. ಎಲ್ಲೋ ಮಾಡಿಸಿದ ಡೆಂಗ್ಯೂ ಐಜಿಎಂ ಪಾಸಿಟಿವ್ ಇತ್ತು. ದಿನಾಂಕದ ಕಾಲಂನಲ್ಲಿ ಡಾಕ್ಟ್ರು 'ಗುಳ್ಳೆ, 6 ದಿನ' ಎಂದು ಬರೆದಿದ್ದರು. ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಸೀರಮ್ ಜೊತೆ ಮೂತ್ರವನ್ನೂ ಕಳಿಸಿ ಎಂದೆ. ಝೀಕಾದ ಆರ್‌ಎನ್‌ಎ ರಕ್ತದಿಂದ ಬೇಗ ಮರೆಯಾದರೂ ಮೂತ್ರದಲ್ಲಿ ಎರಡು ವಾರದವರೆಗೂ ಸಿಗಬಹುದು. ಎರಡೂ ಗುಲಾಬಿ. ಮನುಷ್ಯರ ಜೀನು ಎರಡರಲ್ಲೂ ಹಳದಿ. ನೀರು ಗುಲಾಬಿ. ಆದರೂ 'ಇಲ್ಲ' ಎಂದು ಬರೆಯಲು ಮೇಡಂ ಬಿಡಲಿಲ್ಲ. 'ಈ ಸ್ಯಾಂಪಲಿನಲ್ಲಿ ಪತ್ತೆಯಾಗಿಲ್ಲ' ಎಂದು ಬರೆಸಿ, ಉಳಿದದ್ದನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ಅಲ್ಲಿಂದಲೂ ಹಾಗೇ ಬಂತು. ಆಕೆ ಆಮೇಲೆ ಹೆರಿಗೆಗೆ ಇಲ್ಲಿಗೇ ಬಂದರಂತೆ. ನಾನು ರಜೆಯಲ್ಲಿದ್ದೆ.

ಇದೆಲ್ಲ ಆಗಿ ಒಂದು ಮಳೆಗಾಲ ಕಳೆದು ಇನ್ನೊಂದು ಬಂತು. ಒಂದು ಮಧ್ಯಾಹ್ನ ಮೊದಲ ಕೋಣೆಯಲ್ಲಿ ಕೂತು ದ್ರಾವಣ ಬೆರೆಸುವಾಗ ಕಣ್ಣಿನ ಹಿಂದೆ ಯಾರೋ ಒತ್ತಿದ ಹಾಗೆ ನೋವು. ಸೊಂಟ ಹಿಡಿದುಕೊಂಡಿತ್ತು. ಜೂನಿಯರ್ ಹುಡುಗಿ ಹಣೆ ಮುಟ್ಟಿ ನೋಡಿ, ಪಿಪೆಟ್ ಕಿತ್ತುಕೊಂಡು, ಹೊರಗೆ ಕೂರಿಸಿದಳು. ಜ್ವರ 102. ರಕ್ತ ಅವಳೇ ತೆಗೆದಳು. ಆಮೇಲೆ ಫಾರ್ಮ್ ಹಿಡಿದು ಎದುರು ಕೂತಳು.

'ಜ್ವರ ಶುರುವಾದ ದಿನಾಂಕ, ಅಕ್ಕ?'

'ಇವತ್ತು' ಎಂದೆ. ಬರೆಯಲು ಹೊರಟವಳನ್ನು ತಡೆದೆ. ನಿನ್ನೆ ಸಂಜೆ ಮನೆಗೆ ಹೋದಾಗಲೇ ಚಳಿ ಅನ್ನಿಸಿತ್ತು. ಮಳೆಯಲ್ಲಿ ನೆನೆದದ್ದಕ್ಕೆ ಅಂದುಕೊಂಡು ಪ್ಯಾರಸಿಟಮಾಲ್ ನುಂಗಿ ಮಲಗಿದ್ದೆ. ಅಂದರೆ ನಿನ್ನೆ. ಆದರೆ ಮೊನ್ನೆ ರಾತ್ರಿ ಮೈ ಕೈ ನೋವಿಗೆ ನಿದ್ದೆ ಬಂದಿರಲಿಲ್ಲ. ಅವತ್ತು ಥರ್ಮಾಮೀಟರ್ ಇಟ್ಟಿದ್ದರೆ? ಇಡೀ ವಾರ್ಡಿಗೆ ಫೋನ್ ಮಾಡಿ ಕಾಡಿದವಳು ನಾನು. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಅವಳ ತುಟಿಯಂಚಿನಲ್ಲಿ ನಗು.

ಕೊನೆಗೆ ಎರಡು ದಿನಾಂಕ ಬರೆಸಿದೆ, ನಡುವೆ ಒಂದು 'ಅಥವಾ' ಹಾಕಿಸಿ. ಎರಡು ಗಂಟೆ ಕಳೆದು ಅವಳು ಬಿಳಿ ಕಾಗದದ ಮೇಲೆ ನಾಲ್ಕು ಟ್ಯೂಬ್ ಇಟ್ಟ ಫೋಟೋ ಕಳಿಸಿದಳು. ಮೊದಲನೆಯದು ಹಳದಿ, ನಾಲ್ಕನೆಯದು ಹಳದಿ. ಕಿತ್ತಳೆ ಅಲ್ಲ. ಕೆಳಗೆ 'ನೀರು ಗುಲಾಬಿ ಇದೆ ಅಕ್ಕ, ಎರಡು ಸಲ ನೋಡಿದೆ' ಎಂದು ಬರೆದಿದ್ದಳು.

ಡಾಕ್ಟ್ರು ಬಂದು ನೀರು, ಓಆರ್‌ಎಸ್ ಚೆನ್ನಾಗಿ ಕುಡಿಯಿರಿ, ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬೇಡಿ ಎಂದರು. ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆ ಕ್ಷಣ ಬನ್ನಿ. ಜ್ವರ ಇಳಿದ ದಿನ ಇನ್ನೂ ಹುಷಾರಾಗಿರಿ, ಅಪಾಯ ಶುರುವಾಗುವುದು ಆಗಲೇ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ಒಳಗೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ಮಲಗಿಕೊಂಡು ಕೇಳುವಾಗ ಬೇರೆ ಥರ ಕೇಳಿಸುತ್ತದೆ. ಅವರು ಫಾರ್ಮ್ ತಿರುಗಿಸಿ ನೋಡಿದರು.

'ಇದೇನು, ಎರಡು ದಿನಾಂಕ? ಇವತ್ತು ಎಷ್ಟನೇ ದಿನ ಅಂತ ಲೆಕ್ಕ ಹಾಕಲಿ?'

'ಎರಡೋ ಮೂರೋ, ಡಾಕ್ಟ್ರೇ' ಎಂದೆ.

ಅವರು 'ಮೂರು' ಎಂದು ಬರೆದುಕೊಂಡರು.